ಪ್ಲೈವುಡ್ಡಿನ ಆಚೆ ಕಡೆಯವರು

ಬಸ್ ಡಿಪೋದ ಎದುರಿಗಿದ್ದ ಆ ಅಂಗಡಿಗೆ ಬೀದಿಯ ಕಡೆ ಎರಡು ಬಾಗಿಲು. ಎಡಗಡೆಯದು ಗಂಡಸರಿಗೆ, ಬಲಗಡೆಯದು ಹೆಂಗಸರಿಗೆ. ಒಳಗೆ ನಡುವೆ ಒಂದು ಪ್ಲೈವುಡ್ ಹಲಗೆ. ಅದು ಚಾವಣಿಯವರೆಗೂ ಹೋಗಿರಲಿಲ್ಲ. ಒಂದೇ ಫ್ಯಾನಿನ ಗಾಳಿ ಎರಡೂ ಕಡೆಗಾಗಲಿ ಎಂದು ಮೇಲೆ ಎರಡಡಿ ಖಾಲಿ ಬಿಟ್ಟಿದ್ದರು. ಗಾಳಿಯ ಜೊತೆಗೆ ಮಾತೂ ಆಚೀಚೆ ಹರಿದಾಡುತ್ತಿತ್ತು. ಎಡಗಡೆ ಗಂಡ ಕತ್ತರಿ ಹಿಡಿದು ನಿಂತರೆ ಬಲಗಡೆ ಹೆಂಡತಿ. ಇಪ್ಪತ್ತೆಂಟು ವರ್ಷದಿಂದ ಹೀಗೆಯೇ. ಅವನಿಗೀಗ ಐವತ್ತಾರು, ಅವಳಿಗೆ ಐವತ್ಮೂರು. ಬೀದಿಯವರ ಬಾಯಲ್ಲಿ ಅವನು ಕತ್ತರಿಯಣ್ಣ, ಅವಳು ಬರೀ ಅಕ್ಕ.

ಹದಿನಾಲ್ಕನೇ ನಂಬರ್ ಬಸ್ಸಿನ ಡ್ರೈವರ್ ಹದಿನೈದು ದಿನಕ್ಕೊಮ್ಮೆ, ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬರುತ್ತಿದ್ದ. ಅವನು ಬಂದು ಕುರ್ಚಿಯಲ್ಲಿ ಕೂತರೆ ಗಡಿಯಾರ ನೋಡುವ ಅಗತ್ಯವಿರಲಿಲ್ಲ. ಆ ಶುಕ್ರವಾರ ಮಾತ್ರ ಒಂಬತ್ತೂವರೆಯಾದರೂ ಆಸಾಮಿ ಪತ್ತೆಯಿಲ್ಲ. ಕತ್ತರಿಯಣ್ಣನೂ ಹೆಂಡತಿಯೂ ಭಾನುವಾರ ಬೆಳಿಗ್ಗೆ ಅವಳ ತಂಗಿಯ ಮನೆಗೆ ಹೋಗಿದ್ದವರು ಹಿಂದಿನ ಸಂಜೆಯಷ್ಟೇ ವಾಪಸು ಬಂದಿದ್ದರು. ಅಂಗಡಿ ಅಷ್ಟೂ ದಿನ ಮುಚ್ಚಿತ್ತು. ಬಾಗಿಲು ಮುಚ್ಚಿದ್ದು ನೋಡಿ ಇನ್ನೆಲ್ಲಾದರೂ ತಲೆ ಕೊಟ್ಟುಬಂದನೋ ಏನೋ ಎಂದುಕೊಂಡು ಕತ್ತರಿಯಣ್ಣ ಬಾಗಿಲಿಗೆ ಬಂದು ಇಣುಕುವಷ್ಟರಲ್ಲಿ ಪೇಂಟರ್ ಬಂದ. ಪೇಂಟರ್ ಅಂದರೆ ಕಟ್ಟಡಗಳಿಗೆ ಸುಣ್ಣಬಣ್ಣ ಬಳಿಯುವವನು, ಹಳೆಯ ಗಿರಾಕಿ, ಬಾಯಿ ಜೋರು.

"ಯಾರ ದಾರಿ ಕಾಯ್ತಾ ಇದ್ದೀಯ? ಡ್ರೈವರ್‌ದಾ?" ಎಂದ ಪೇಂಟರ್. ಅವನ ದನಿ ಎಂದಿನ ಹಾಗಿರಲಿಲ್ಲ. "ನಿನಗೆ ಯಾರೂ ಹೇಳ್ಲಿಲ್ವಾ? ಭಾನುವಾರ ಮಧ್ಯಾಹ್ನ ಹೋಗ್ಬಿಟ್ಟ ಕಣಯ್ಯ. ಡಿಪೋ ಒಳಗೆ ಬಸ್ ನಿಲ್ಲಿಸಿ, ಇಳಿಯೋಕೆ ಅಂತ ಮೆಟ್ಟಿಲ ಮೇಲೆ ಕಾಲಿಟ್ಟವನು ಅಲ್ಲೇ ಕೂತ್ಕೊಂಡ. ಏಳಲೇ ಇಲ್ಲ. ಹಾರ್ಟು."

ಡ್ರೈವರಿಗೆ ಐವತ್ನಾಲ್ಕು ವರ್ಷ.

ಕತ್ತರಿಯಣ್ಣ ಕುರ್ಚಿಯ ಹಿಂದೆ ಹೋಗಿ ನಿಂತು ಬಂದು ಕೂತ ಪೇಂಟರನ ಕೊರಳಿಗೆ ಬಟ್ಟೆ ಕಟ್ಟಿದ. ಗಂಟು ಹಾಕಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ. ಎರಡು ವಾರದ ಹಿಂದೆ ಇದೇ ಕುರ್ಚಿಯಲ್ಲಿ ಡ್ರೈವರ್ ಕೂತಿದ್ದದ್ದು, ಆಡಿದ್ದು, ಒಂದೊಂದೂ ಕಣ್ಣ ಮುಂದೆ ಬಂತು.

ಅವತ್ತು ಕಟಿಂಗ್ ಮುಗಿದ ಮೇಲೆ ಡ್ರೈವರ್ ಎಡಗೈಯನ್ನು ಬಟ್ಟೆಯ ಅಡಿಯಿಂದ ಹೊರಗೆ ತೆಗೆದು ಹೇಳಿದ್ದ: "ಈ ತೋಳು ನಾಲ್ಕು ದಿನದಿಂದ ಜಗ್ತಾ ಇದೆ ಕಣೋ. ಮೆಟ್ಟಿಲು ಹತ್ತಿದ್ರೆ ಎದೆ ಮೇಲೆ ಯಾರೋ ಹತ್ತಿ ಕೂತ ಹಾಗಾಗುತ್ತೆ. ಸ್ವಲ್ಪ ನೀವಿ ಬಿಡು."

ಕತ್ತರಿಯಣ್ಣ ನಕ್ಕಿದ್ದ. "ದಿನಾ ಅಷ್ಟು ದೊಡ್ಡ ಬಸ್ಸಿನ ಗೇರ್ ಎಳೆಯೋನಿಗೆ ತೋಳು ನೋಯದೆ ಮೂಗು ನೋಯುತ್ತಾ?"

ಹತ್ತು ನಿಮಿಷ ಚೆನ್ನಾಗಿ ನೀವಿದ. ಭುಜದಿಂದ ಮೊಣಕೈವರೆಗೆ, ಮೊಣಕೈಯಿಂದ ಬೆರಳ ತುದಿವರೆಗೆ. ಡ್ರೈವರ್ ಕಣ್ಣು ಮುಚ್ಚಿಕೊಂಡು, "ಆಹಾ, ಹಗುರ ಆಯ್ತು. ಡಾಕ್ಟ್ರಿಗಿಂತ ನೀನೇ ವಾಸಿ," ಅಂದ. ಎದ್ದು ಕನ್ನಡಿಯಲ್ಲಿ ಮೀಸೆ ನೋಡಿಕೊಂಡು ಹೊರಟುಹೋದ. ಆಮೇಲೆ ಒಂಬತ್ತು ದಿನ ಬದುಕಿದ್ದ.

ಪೇಂಟರ್ ಹೋದ ಮೇಲೆ ಕತ್ತರಿಯಣ್ಣ ನೆಲ ಗುಡಿಸಿದ. ಗುಡಿಸಿದ ನೆಲವನ್ನೇ ಇನ್ನೊಮ್ಮೆ ಗುಡಿಸಿದ. ಆಚೆ ಕಡೆಯಿಂದ ಹೆಂಡತಿ, "ರೀ, ಯಾರದು ಬಂದಿದ್ದು? ಯಾಕೆ ಮಾತೇ ಇಲ್ಲ?" ಎಂದು ಕೂಗಿದಳು. ಡ್ರೈವರ್ ಹೋದ ಸುದ್ದಿ ಹೇಳಿದ. ತೋಳಿನ ವಿಷಯ ಮಾತ್ರ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದಿದ್ದ, ಆದರೆ ಅಷ್ಟರಲ್ಲಿ ಅವಳು "ಅಯ್ಯೋ ಪಾಪ, ಅವಳು ಹೇಗಿದ್ದಾಳೋ" ಎಂದು ಡ್ರೈವರನ ಹೆಂಡತಿಯ ಮಾತೆತ್ತಿದ್ದೇ ತಡ, ಅವನ ನಾಲಿಗೆ ಒಳಕ್ಕೆಳೆದುಕೊಂಡಿತು.

ಅವತ್ತಿನಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಹರಿತವಾಗಿದ್ದ ಕತ್ತರಿಯನ್ನೇ ಮತ್ತೆ ಸಾಣೆಗೆ ಕೊಟ್ಟುಬಂದ. ಪೌಡರ್ ಡಬ್ಬಿ, ಬ್ರಷ್ಷು, ನೀರಿನ ಸ್ಪ್ರೇ ಎಲ್ಲವನ್ನೂ ಕಪಾಟಿನ ಈ ತುದಿಯಿಂದ ಆ ತುದಿಗಿಟ್ಟ, ಮರುದಿನ ಇದ್ದಲ್ಲಿಗೇ ತಂದಿಟ್ಟ. ಗಿರಾಕಿಗಳಿಲ್ಲದಾಗ ಬೆಂಚಿನ ಕಡೆ ನೋಡುತ್ತ ನಿಲ್ಲುತ್ತಿದ್ದ. ಆ ಬೆಂಚಿನ ಮೇಲೆ ಮೊದಲು ಐದು ಜನ ಒತ್ತೊತ್ತಾಗಿ ಕೂತು ಪೇಪರ್ ಹರಿದು ಹಂಚಿಕೊಳ್ಳುತ್ತಿದ್ದರು. ಬೇಕರಿಯ ಅಣ್ಣತಮ್ಮಂದಿರು ಇಬ್ಬರೂ ಅರವತ್ತು ದಾಟಲಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನವನಿಗೆ ಶ್ವಾಸಕೋಶ ಕೆಟ್ಟಿತ್ತು, ಸೇದುವುದನ್ನು ಬಿಡಲಿಲ್ಲ. ಪೇಂಟರನ ಅಣ್ಣ ಮೂರನೇ ಮಹಡಿಯಿಂದ ಬಿದ್ದ. ಹಗ್ಗ ಕಟ್ಟಿಕೋ ಎಂದರೆ ನಗುತ್ತಿದ್ದವನು. ಈಗ ಡ್ರೈವರ್. ಒಬ್ಬೊಬ್ಬರು ಹೋದಾಗ ಒಂದು ದಿನ ಬೇಜಾರು ಮಾಡಿಕೊಂಡು ಸುಮ್ಮನಾಗಿದ್ದ. ಎಲ್ಲರ ಸಾವನ್ನೂ ಒಟ್ಟಿಗೆ ನೋಡಿದ್ದು ಇದೇ ಮೊದಲು.

ಆಚೆ ಕಡೆಯ ಲೆಕ್ಕವೇ ಬೇರೆ. ಅಲ್ಲಿ ಎಂಬತ್ತನಾಲ್ಕರ ಟೀಚರಮ್ಮ ಕೋಲೂರಿಕೊಂಡು ಬಂದು, ಮೆಟ್ಟಿಲ ಬಳಿ ನಿಂತು, ಬೈದುಕೊಂಡು ಹತ್ತಿ, ಕೂದಲು ಒಪ್ಪ ಮಾಡಿಸಿಕೊಂಡು ಹೋಗುತ್ತಿದ್ದರು. ಬೇಕರಿಯ ಓರಗಿತ್ತಿಯರು ಜೊತೆಯಾಗಿ ಬರುತ್ತಿದ್ದರು. ಪ್ರೆಸ್ಸಿನವನ ಹೆಂಡತಿಗೆ ಎಪ್ಪತ್ತಾಗಿತ್ತು, ಈಗಷ್ಟೇ ಈಜು ಕಲಿಯಲು ಸೇರಿಕೊಂಡಿದ್ದಳು. ಈ ಕಡೆ ಯಾರ್ಯಾರ ತಲೆಗೆ ಕತ್ತರಿ ಹಾಕಿದ್ದನೋ ಅವರ ಹೆಂಡಿರೆಲ್ಲ ಆ ಕಡೆ ಬಂದು ಕೂತು, ಮಂಡಿ ನೋವಿನಿಂದ ಹಿಡಿದು ಹೊಟ್ಟೆ ಉಬ್ಬರದವರೆಗೆ, ಗಂಟೆಗಟ್ಟಲೆ ಮಾತಾಡಿಕೊಂಡು ನಗುತ್ತಿದ್ದರು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಇಬ್ಬರೂ ಊಟಕ್ಕೆ ಕೂತಾಗ ಅವನು ಕೇಳಿಯೇಬಿಟ್ಟ: "ಅಲ್ಲ ಕಣೇ, ನಿನ್ನ ಕಡೆಯವರು ಯಾಕೆ ಸಾಯಲ್ಲ?"

ಹೆಂಡತಿ ಕೈಯಲ್ಲಿದ್ದ ತುತ್ತನ್ನು ಹಾಗೇ ಇಟ್ಟಳು. "ಏನ್ರೀ ಅದು ಮಾತು? ನಿಮಗೇನು ತೊಂದರೆ ಕೊಟ್ಟಿದ್ದಾರೆ ಅವರು?"

"ಹಾಗಲ್ಲ. ನನ್ನ ಕಡೆಯವರು ಒಬ್ಬೊಬ್ಬರಾಗಿ ಖಾಲಿ ಆಗ್ತಾ ಇದ್ದಾರೆ. ನಿನ್ನ ಕಡೆಯವರು ನೋಡು, ಗಟ್ಟಿಮುಟ್ಟಾಗಿ ಕೂತು ಉಗುರಿಗೆ ಬಣ್ಣ ಹಚ್ಚಿಸ್ಕೋತಾರೆ."

"ಗಟ್ಟಿಮುಟ್ಟಾ? ಟೀಚರಮ್ಮನಿಗೆ ಎರಡು ಮಂಡಿ ಇಲ್ಲ, ಒಂದು ಕಿವಿ ಇಲ್ಲ. ಪ್ರೆಸ್ಸಿನವರ ಹೆಂಡ್ತಿ ಮನೇಲಿ ಮಾತಾಡೋಕೆ ಜನ ಇಲ್ದೆ ಈಜೋಕೆ ಹೋಗ್ತಾಳೆ. ಉಳ್ಕೊಂಡವರ ಪಾಡು ನಿಮಗೇನು ಗೊತ್ತು? ಸುಮ್ನೆ ಊಟ ಮಾಡಿ."

ಅವನು ಊಟ ಮಾಡಲಿಲ್ಲ. ಎದ್ದು ಕೈ ತೊಳೆದ.

ಬೀದಿಯ ಕೊನೆಯ ಕ್ಲಿನಿಕ್ಕಿನ ನರ್ಸಮ್ಮ ತಿಂಗಳಿಗೆರಡು ಸಲ ಅಕ್ಕನ ಹತ್ತಿರ ಹುಬ್ಬು ತೀಡಿಸಿಕೊಳ್ಳಲು ಬರುತ್ತಿದ್ದಳು. ಮುಂದಿನ ಸಲ ಬಂದಾಗ ಕತ್ತರಿಯಣ್ಣ ಹಲಗೆಯ ಈಚೆಯಿಂದಲೇ ಗಂಟಲು ಸರಿಮಾಡಿಕೊಂಡು ಕೇಳಿದ: "ನರ್ಸಮ್ಮ, ಎಡತೋಳು ಜಗ್ತಾ ಇದ್ದು, ಮೆಟ್ಟಿಲು ಹತ್ತಿದ್ರೆ ಎದೆ ಭಾರ ಅಂದ್ರೆ ಅದು ಏನಿರಬಹುದು?"

ನರ್ಸಮ್ಮ ಒಂದು ಹುಬ್ಬು ಮಾತ್ರ ತೀಡಿಸಿಕೊಂಡ ಮುಖದಲ್ಲೇ ಎದ್ದು ಬಾಗಿಲು ಸುತ್ತಿಕೊಂಡು ಈ ಕಡೆಗೆ ಬಂದಳು. "ಯಾರಿಗೆ? ನಿಮಗಾ?"

"ನನಗಲ್ಲ. ಒಬ್ಬರಿಗೆ."

"ಆ ಒಬ್ಬರನ್ನ ಇವತ್ತೇ ಕರ್ಕೊಂಡು ಬನ್ನಿ. ಇವತ್ತಲ್ಲ, ಈಗಲೇ."

"ಅವರು ಬರೋ ಹಾಗಿಲ್ಲ," ಎಂದ ಕತ್ತರಿಯಣ್ಣ. "ತಡ ಆಗಿದೆ."

ನರ್ಸಮ್ಮ ಅವನ ಮುಖವನ್ನೇ ನೋಡಿದಳು. ಹೆಚ್ಚು ಕೆದಕಲಿಲ್ಲ. ಬೆಂಚಿನ ಮೇಲೆ ಕೂತು ನಿಧಾನವಾಗಿ ಹೇಳಿದಳು: "ಗಂಡಸರಿಗಿಂತ ಹೆಂಗಸರು ಕೆಲವು ವರ್ಷ ಹೆಚ್ಚು ಬದುಕ್ತಾರೆ ಅಣ್ಣ. ಇದು ನಮ್ಮ ಬೀದಿ ಕಥೆಯಲ್ಲ, ಹೆಚ್ಚುಕಮ್ಮಿ ಎಲ್ಲ ಕಡೆ ಹೀಗೇ. ಅದರಲ್ಲಿ ಒಂದಿಷ್ಟು ಹುಟ್ಟಿನಿಂದ ಬಂದಿದ್ದು, ಅದಕ್ಕೆ ಯಾರೇನು ಮಾಡೋಕಾಗುತ್ತೆ? ಇನ್ನೊಂದಿಷ್ಟು ಕೈಯಾರೆ ಮಾಡ್ಕೊಳ್ಳೋದು. ಸೇದೋದು, ಕುಡಿಯೋದು, ಹಗ್ಗ ಇಲ್ದೆ ಮೇಲೆ ಹತ್ತೋದು. ಅದೆಲ್ಲಕ್ಕಿಂತ, ನೋವು ಬಂದ್ರೆ ಬಾಯಿ ಬಿಡದೆ ಇರೋದು. ನಮ್ಮ ಕ್ಲಿನಿಕ್ಕಿಗೆ ಹೆಂಗಸರು ನಡ್ಕೊಂಡು ಬರ್ತಾರೆ. ಗಂಡಸರನ್ನ ಎತ್ಕೊಂಡು ಬರ್ತಾರೆ."

"ಬಾಯಿ ಬಿಡ್ತಾರೆ," ಎಂದ ಕತ್ತರಿಯಣ್ಣ, ಮೆಲ್ಲಗೆ. "ಬಿಡಬಾರದ ಕಡೆ ಬಿಡ್ತಾರೆ."

ಮರುದಿನವೇ ಅವನು ಹೋಗಿ ಬಿಪಿ ನೋಡುವ ಮಿಷನ್ ತಂದ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅದೇ ಉಬ್ಬಿ ಅದೇ ಇಳಿದು ಅಂಕಿ ತೋರಿಸುತ್ತಿತ್ತು. ಎಷ್ಟಿದ್ದರೆ ಸರಿ, ಎಷ್ಟು ದಾಟಿದರೆ ಕ್ಲಿನಿಕ್ಕಿಗೆ ಕಳಿಸಬೇಕು ಎಂದು ನರ್ಸಮ್ಮ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಚೀಟಿಯನ್ನು ಕನ್ನಡಿಯ ಮೂಲೆಗೆ ಅಂಟಿಸಿದ.

ಮೊದಲ ವಾರ ಗಿರಾಕಿಗಳಿಗೆ ತಮಾಷೆ. ಎರಡನೆಯ ವಾರ ಕಿರಿಕಿರಿ. ಕತ್ತರಿಯಣ್ಣನಿಗೆ ಮೊದಲಿದ್ದ ಹದವೇ ತಪ್ಪಿಹೋಗಿತ್ತು. ಕುರ್ಚಿಯಲ್ಲಿ ಕೂತವರು ಕೆಮ್ಮಿದರೆ ಎಷ್ಟು ದಿನದಿಂದ ಎನ್ನುತ್ತಿದ್ದ, ಆಕಳಿಸಿದರೆ ನಿದ್ದೆ ಬರುತ್ತಾ ಎನ್ನುತ್ತಿದ್ದ. ತೋಳು ಚಾಚದೆ ಕತ್ತರಿ ಹಾಕುವುದಿಲ್ಲ ಎಂದು ಹಟ ಹಿಡಿಯುತ್ತಿದ್ದ. "ನಿನ್ನ ಕೈಗೆ ತಲೆ ಕೊಡ್ತೀವಲ್ಲ, ಅದು ಸಾಲ್ದಾ?" ಎಂದು ಒಬ್ಬ ಎದ್ದುಹೋದ. ಇನ್ನಿಬ್ಬರು ಹೇಳದೆ ಕೇಳದೆ ಬೇರೆ ಅಂಗಡಿ ಹಿಡಿದರು. ಒಬ್ಬ ಗುಮಾಸ್ತನ ಅಂಕಿ ಮಾತ್ರ ನಿಜಕ್ಕೂ ಹೆಚ್ಚಿತ್ತು; ಅವನು ಹೆದರಿ ಕ್ಲಿನಿಕ್ಕಿಗೆ ಹೋಗಿ ಮಾತ್ರೆ ಬರೆಸಿಕೊಂಡು ಬಂದ. ಅವತ್ತು ಕತ್ತರಿಯಣ್ಣ ಅರ್ಧ ದಿನ ನೆಮ್ಮದಿಯಾಗಿದ್ದ.

ಪೇಂಟರನ ಸರದಿ ಬಂದದ್ದು ಒಂದು ಮಂಗಳವಾರ. ಒಂದು ಕೆನ್ನೆ ಬೋಳಿಸಿ ಆಗಿತ್ತು. ಇನ್ನೊಂದು ಕೆನ್ನೆಗೆ ನೊರೆ ಹಚ್ಚಿದ್ದ ಕತ್ತರಿಯಣ್ಣ ಕತ್ತಿಯನ್ನು ಕೆಳಗಿಟ್ಟು ಕೇಳಿದ: "ನೀನು ಡಾಕ್ಟ್ರ ಮುಖ ನೋಡಿ ಎಷ್ಟು ವರ್ಷ ಆಯ್ತು?"

"ಮೊದಲು ಕೆನ್ನೆ ಮುಗಿಸು ಮಾರಾಯ."

"ಹೇಳು, ಮುಗಿಸ್ತೀನಿ. ನಿಮ್ಮಣ್ಣನೂ ಹೀಗೇ ಅಂತಿದ್ದ. ಕೈ ಕೊಡು, ಪಟ್ಟಿ ಕಟ್ತೀನಿ."

ಅಣ್ಣನ ಹೆಸರೆತ್ತಿದ್ದೇ ಪೇಂಟರನ ಮುಖ ಕೆಂಪಾಯಿತು. "ಏನಯ್ಯಾ ನಿಂದು? ಕಟಿಂಗ್ ಮಾಡ್ಸೋಕೆ ಬಂದವರಿಗೆ ಪೋಸ್ಟ್‌ಮಾರ್ಟಮ್ ಮಾಡ್ತೀಯಾ? ನಾನಿನ್ನೂ ಬದುಕಿದ್ದೀನಿ!" ಎಂದು ಕೊರಳಿನ ಬಟ್ಟೆ ಕಿತ್ತೆಸೆದು, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ನೊರೆನೊರೆಯಾಗಿ, ಬಸ್ಸಿನವರೆಲ್ಲ ನೋಡುತ್ತಿದ್ದಂತೆ ಬೀದಿಗಿಳಿದು ಹೋದ.

ಹೆಂಡತಿ ಈ ಕಡೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನಾಗಿದೆ ನಿಮಗೆ? ಮೂರು ತಿಂಗಳಿಂದ ನೋಡ್ತಾ ಇದ್ದೀನಿ. ಮುಳ್ಳಿನ ಮೇಲೆ ಕೂತವರ ಹಾಗೆ ಆಡ್ತೀರ. ಊರವರ ಕೈಗೆಲ್ಲ ಪಟ್ಟಿ ಕಟ್ತೀರಲ್ಲ, ನಿಮ್ಮ ಕೈಗೆ ಒಂದು ಸಲವಾದ್ರೂ ಕಟ್ಕೊಂಡ್ರಾ?"

"ನನಗೇನಾಗಿದೆ? ಕಲ್ಲುಗುಂಡಿನ ಹಾಗಿದ್ದೀನಿ," ಎಂದ ಅವನು, ಪೊರಕೆ ಹುಡುಕುತ್ತ.

ಡ್ರೈವರನ ಹೆಂಡತಿ ಬಂದದ್ದು ನಾಲ್ಕನೆಯ ತಿಂಗಳಲ್ಲಿ. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು, ನಲವತ್ತೊಂಬತ್ತರ ಹೆಂಗಸು. ಅಷ್ಟು ದಿನ ತಲೆಯ ಕಡೆ ಗಮನವನ್ನೇ ಕೊಟ್ಟಿರಲಿಲ್ಲವಂತೆ, ಕೂದಲೆಲ್ಲ ಗಂಟುಗಂಟಾಗಿತ್ತು. ಅಕ್ಕ ಅವಳನ್ನು ಕುರ್ಚಿಗೊರಗಿಸಿ, ತಲೆಯನ್ನು ಬೇಸಿನ್ನಿಗೆ ಆನಿಸಿ, ಬೆಚ್ಚನೆಯ ನೀರು ಬಿಟ್ಟಳು. ಈ ಕಡೆ ಕತ್ತರಿಯಣ್ಣ ಪೋಸ್ಟ್‌ಮನ್‌ನ ಕ್ರಾಪು ತಿದ್ದುತ್ತಿದ್ದ. ನೀರಿನ ಸದ್ದಿನ ನಡುವೆಯೂ ಅವಳ ಮಾತು ಒಂದೊಂದೂ ಕೇಳುತ್ತಿತ್ತು.

"ಒಂದು ಸಣ್ಣ ನೋವು ಅಂತ ಬಾಯಿ ಬಿಡ್ಲಿಲ್ಲ ಅಕ್ಕ. ಬಿಟ್ಟಿದ್ರೆ ರಟ್ಟೆ ಹಿಡಿದು ಎಳ್ಕೊಂಡು ಹೋಗ್ತಿದ್ದೆ. ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು."

ಕತ್ತರಿಯಣ್ಣನ ಕೈ ನಿಂತಿತು. ಪೋಸ್ಟ್‌ಮನ್ ಕನ್ನಡಿಯಲ್ಲಿ ಅವನನ್ನು ನೋಡಿದ. ಮತ್ತೆ ಕತ್ತರಿ ಆಡಿಸಿದ.

ತಲೆ ಒಣಗಿಸಿಕೊಂಡು ಹೊರಟವಳು ಗಂಡಸರ ಬಾಗಿಲ ಬಳಿ ನಿಂತಳು. ಒಳಗೆ ಬರಲಿಲ್ಲ. "ಅಣ್ಣ, ಚೆನ್ನಾಗಿದ್ದೀರಾ? ಒಂದು ಮಾತು ಕೇಳ್ಬೇಕಿತ್ತು. ಕೊನೇ ಸಲ ನಮ್ಮನೆಯವರು ಶುಕ್ರವಾರ ಇಲ್ಲಿಗೆ ಬಂದಿದ್ರಲ್ಲ. ಅವತ್ತು ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ? ಮೈ ಸರಿಯಿಲ್ಲ, ಸುಸ್ತು, ಏನಾದ್ರೂ?"

ಕತ್ತರಿಯಣ್ಣ ಕ್ರಾಪಿನ ಕಡೆಗೇ ನೋಡುತ್ತ, "ಇಲ್ಲ ತಂಗಿ," ಎಂದ. "ಯಾವಾಗಿನ ಹಾಗೇ ನಗ್ತಾ ಇದ್ರು."

ಅವಳು ತಲೆಯಾಡಿಸಿದಳು. "ಹೂಂ, ನನಗೂ ಹಾಗೇ ಅನ್ನಿಸ್ತು," ಎಂದು ಹೊರಟುಹೋದಳು.

"ಅಯ್ಯಪ್ಪಾ!" ಎಂದು ಪೋಸ್ಟ್‌ಮನ್ ಕಿವಿ ಹಿಡಿದುಕೊಂಡ. ಬೆರಳಿಗೆ ರಕ್ತ ಅಂಟಿತ್ತು. ಕತ್ತರಿಯಣ್ಣ ಯಾರ ಕಿವಿಯನ್ನಾದರೂ ಕತ್ತರಿಸಿದ್ದು ಅವನ ಕಲಿಕೆಯ ದಿನಗಳ ನಂತರ ಇದೇ ಮೊದಲು. ಹತ್ತಿ ಒತ್ತಿದ, ತಪ್ಪಾಯಿತೆಂದ, ಹೇಗೋ ಮುಗಿಸಿ ಕಳಿಸಿದ. ಆಮೇಲೆ ಬಾಗಿಲನ್ನೂ ಹಾಕದೆ, ಕೊರಳಲ್ಲಿ ಟವೆಲ್ ಇದ್ದಂತೆಯೇ ಬೀದಿ ದಾಟಿ ಡಿಪೋದ ಗೋಡೆಗುಂಟ ನಡೆಯತೊಡಗಿದ. ಗೋಡೆ ಮುಗಿದ ಕಡೆ ತಿರುಗಿದ, ಮತ್ತೆ ಮೊದಲಿನಿಂದ ನಡೆದ. ಬಸ್ಸುಗಳು ಒಳಗೆ ಹೋಗುತ್ತಿದ್ದವು, ಹೊರಗೆ ಬರುತ್ತಿದ್ದವು.

ನಾಲ್ಕನೆಯ ಸುತ್ತಿಗೆ ಹೆಂಡತಿ ಎದುರು ಬಂದಳು. ಅಲ್ಲೇ, ಗೋಡೆಯ ಪಕ್ಕ, ಹಾರ್ನಿನ ಗದ್ದಲದಲ್ಲಿ ಅವನು ಎಲ್ಲವನ್ನೂ ಹೇಳಿದ. ತೋಳು, ಎದೆ, ತಾನು ಮಾಡಿದ ಮೂಗಿನ ತಮಾಷೆ, ಹತ್ತು ನಿಮಿಷ ನೀವಿದ್ದು, ಈಗ ಆಡಿದ ಸುಳ್ಳು.

ಎಲ್ಲ ಕೇಳಿದ ಮೇಲೆ ಅವಳು, "ಹೋಗಿ ಅವಳಿಗೆ ಹೇಳಿ," ಎಂದಳು.

"ಹೇಗೆ ಹೇಳ್ಲಿ?"

"ಈಗ ನನಗೆ ಹೇಳಿದ್ರಲ್ಲ, ಹಾಗೇ."

ಮರುದಿನ ಸಂಜೆ ಐದಕ್ಕೆ, ಅವಳು ಶಾಲೆಯಿಂದ ಬಂದಿರುತ್ತಾಳೆ ಎಂದು ಅಂದಾಜು ಮಾಡಿಕೊಂಡು ಹೊರಟ. ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ ಅವನು ಕಂಬಿ ಹಿಡಿದು ನಿಲ್ಲಬೇಕಾಯಿತು. ದವಡೆಯಿಂದ ಹಿಡಿದು ಎದೆಯ ನಡುವಿನವರೆಗೆ ಏನೋ ಬಿಗಿದಂತಾಗಿ, ಹಣೆಯಲ್ಲಿ ಬೆವರೊಡೆಯಿತು. ಇದು ಹೊಸದೇನಲ್ಲ, ನಿಂತರೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ನಿಂತ. ಹೋಯಿತು. ಮುಖ ಒರೆಸಿಕೊಂಡು ಉಳಿದ ಮೆಟ್ಟಿಲು ಹತ್ತಿದ.

ಡ್ರೈವರನ ಹೆಂಡತಿ ಮರುದಿನದ ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದಳು. ಒಂದೇ ಕೋಣೆ, ಒಂದು ಅಡುಗೆಮನೆ. ಕಿಟಕಿಯ ಹಲಗೆಯ ಮೇಲೆ ಡ್ರೈವರನ ಕಪ್ಪು ಕನ್ನಡಕವಿತ್ತು, ಯಾರೋ ಈಗಷ್ಟೇ ತೆಗೆದಿಟ್ಟ ಹಾಗೆ. "ಬನ್ನಿ ಅಣ್ಣ, ಕೂತ್ಕೊಳ್ಳಿ," ಎಂದಳು ಆಶ್ಚರ್ಯದಿಂದ.

ಅವನು ಕೂರಲಿಲ್ಲ. ನಿಂತೇ ಹೇಳಿದ. ಶುರುಮಾಡಿದ ಮೇಲೆ ಎಲ್ಲಿಯೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಬಾಯಿ ಬಾರದು ಎಂದು ಭಯವಿತ್ತು.

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸ್ವಿಚ್ ಆರಿಸಿದಳು.

"ಅವತ್ತು ಸಂಜೆ ನಾನು ಕೇಳಿದೆ," ಎಂದಳು. "ಯಾಕೆ ತೋಳು ಹಿಡ್ಕೊಂಡಿದ್ದೀರಾ ಅಂತ. ಏನಿಲ್ಲ ಕಣೇ, ಕತ್ತರಿಯಣ್ಣ ಜೋರಾಗಿ ನೀವಿಬಿಟ್ಟಿದ್ದಾನೆ, ಅದಕ್ಕೇ ಉಳುಕಿದ ಹಾಗಿದೆ ಅಂದ್ರು. ನಾನು ನಿಮ್ಮನ್ನ ಬೈದುಕೊಂಡು ಸುಮ್ಮನಾದೆ."

ಕತ್ತರಿಯಣ್ಣ ತಲೆಯೆತ್ತಲಿಲ್ಲ.

"ಇಪ್ಪತ್ತಾರು ವರ್ಷ ಒಟ್ಟಿಗಿದ್ವಿ. ನನಗೆ ಹೇಳದ್ದನ್ನ ನಿಮಗೆ ಹೇಳಿದ್ರು." ಅವಳ ದನಿ ಏರಿತು. "ಆಗ ನಿಮಗೆ ಗೊತ್ತಿರ್ಲಿಲ್ಲ, ಸರಿ. ಗೊತ್ತಿಲ್ದೆ ತೋಳು ನೀವಿದ್ರಿ, ಅದಕ್ಕೆ ನಾನೇನೂ ಅನ್ನಲ್ಲ. ಆದ್ರೆ ನಿನ್ನೆ ನಾನು ಬಾಗಿಲಲ್ಲಿ ನಿಂತು ಕೇಳಿದೆ. ಆಗ್ಯಾಕೆ ಇಲ್ಲ ಅಂದ್ರಿ?"

"ಹೆದರಿಕೆ ಆಯ್ತು ತಂಗಿ."

"ನನ್ನ ಕಂಡ್ರಾ?"

ಅವನು ಕಿಟಕಿಯ ಮೇಲಿನ ಕನ್ನಡಕದ ಕಡೆ ನೋಡಿದ.

"ಹೋಗಿ ಅಣ್ಣ," ಎಂದಳು. "ಇವತ್ತು ನನ್ನ ಕೈಲಿ ನಿಮಗೊಂದು ಲೋಟ ಚಹಾ ಕೊಡೋಕೂ ಆಗಲ್ಲ. ಹೋಗಿ."

ಅವನು ಹೊರಗೆ ಬಂದ. ಇಳಿಯುವುದಷ್ಟೇ ಎಂದುಕೊಂಡರೂ ಒಂದು ಮಹಡಿ ಇಳಿಯುವಷ್ಟರಲ್ಲಿ ಬಿಗಿತ ಮತ್ತೆ ಬಂತು, ಈ ಸಲ ನಿಂತರೂ ಹೋಗಲಿಲ್ಲ. ಕಂಬಿ ಹಿಡಿದ ಕೈ ಜಾರಿ ಅವನು ಮೆಟ್ಟಿಲ ಮೇಲೆ ಕೂತ. ಬೆವರು ಕಣ್ಣಿಗಿಳಿಯುತ್ತಿತ್ತು.

ಬಾಗಿಲು ಹಾಕಲು ಬಂದ ಡ್ರೈವರನ ಹೆಂಡತಿ ಮೇಲಿನಿಂದ ಬಗ್ಗಿ ನೋಡಿದಳು. "ಯಾಕೆ ಕೂತ್ರಿ?"

"ಏನಿಲ್ಲ. ಸ್ವಲ್ಪ ಉಸಿರು…"

"ಏನಿಲ್ಲ ಅನ್ಬೇಡಿ!" ಅವಳು ಕೂಗಿದ್ದು ಕೆಳಗಿನ ಮಹಡಿಯ ಬಾಗಿಲುಗಳೆರಡು ತೆರೆದುಕೊಳ್ಳುವಷ್ಟು ಜೋರಾಗಿತ್ತು. "ನನ್ನ ಮುಂದೆ ಆ ಮಾತು ಆಡ್ಬೇಡಿ. ಎಲ್ಲಿ ನೋವು, ಹೇಳಿ. ಎಲ್ಲಿ?"

ಅವನು ಎದೆ ತೋರಿಸಿದ. ದವಡೆ ತೋರಿಸಿದ.

ಮನೆಯ ಚಪ್ಪಲಿಯಲ್ಲೇ ಅವಳು ಕೆಳಗಿಳಿದು ಬಂದಳು. ನೆರೆಯವನೊಬ್ಬನನ್ನು ಕರೆದು, ಇಬ್ಬರೂ ಅವನ ಎರಡೂ ರಟ್ಟೆ ಹಿಡಿದು, ಒಂದೊಂದೇ ಮೆಟ್ಟಿಲು ಕೂರಿಸಿ ಎಬ್ಬಿಸಿ ಇಳಿಸಿದರು. ಬೀದಿಗೆ ಬಂದದ್ದೇ ನಡುರಸ್ತೆಯಲ್ಲಿ ನಿಂತು ಎರಡೂ ಕೈ ಚಾಚಿ ಮೊದಲು ಬಂದ ಕಾರನ್ನು ತಡೆದಳು. ಯಾರದೋ ಕಾರು, ಹಿಂದಿನ ಸೀಟಿನಲ್ಲಿ ತರಕಾರಿ ಚೀಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಅವನ ಪಕ್ಕ ಕೂತಳು. ದಾರಿಯುದ್ದಕ್ಕೂ, "ಮಾತಾಡ್ತಾ ಇರಿ. ಕಣ್ಣು ಮುಚ್ಚಿದ್ರೆ ನೋಡಿ," ಎಂದು ಗದರುತ್ತಿದ್ದಳು.

ಕ್ಲಿನಿಕ್ಕಿನಲ್ಲಿ ನರ್ಸಮ್ಮನೇ ಇದ್ದಳು. ಕತ್ತರಿಯಣ್ಣನನ್ನು ಕಂಡದ್ದೇ ಬೇರೆ ಪ್ರಶ್ನೆ ಕೇಳದೆ ಮಲಗಿಸಿ, ಅಂಗಿ ಬಿಚ್ಚಿ, ಇಸಿಜಿಯ ತಂತಿಗಳನ್ನು ಅಂಟಿಸಿದಳು. ಕಾಗದ ಸರಸರ ಹೊರಬಂತು. ಡಾಕ್ಟರು ನೋಡಿ ನಾಲಿಗೆಯ ಅಡಿಗೊಂದು ಮಾತ್ರೆ ಇಡಿಸಿ, ಆಂಬುಲೆನ್ಸಿಗೆ ಹೇಳಿದರು. ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು ಕೇಳಿದರು: "ಇದು ಯಾವಾಗಿನಿಂದ ಹೀಗಾಗ್ತಿದೆ?"

ಅದೇ ಹೊತ್ತಿಗೆ ಅವನ ಹೆಂಡತಿ ಯಾರೋ ಹೇಳಿದ್ದು ಕೇಳಿ ಓಡೋಡಿ ಬಂದು ಬಾಗಿಲಲ್ಲಿ ನಿಂತಿದ್ದಳು. ತಲೆಗೆ ಬಣ್ಣ ಹಚ್ಚುವಾಗ ಹಾಕಿಕೊಂಡ ಗ್ಲೌಸು ಕೈಯಲ್ಲಿ ಹಾಗೇ ಇತ್ತು. ಅವನು ಅವಳನ್ನು ನೋಡಿದ, ಡಾಕ್ಟರನ್ನು ನೋಡಿದ.

"ಎರಡು ತಿಂಗಳಿಂದ," ಎಂದ.

ಹೆಂಡತಿ ಗ್ಲೌಸು ಕಳಚಿದಳು, ಒಂದರೊಳಗೊಂದು ಸುತ್ತಿದಳು, ಎಲ್ಲಿ ಎಸೆಯುವುದೆಂದು ತಿಳಿಯದೆ ಮುಷ್ಟಿಯಲ್ಲಿ ಹಿಡಿದುಕೊಂಡಳು. ಡ್ರೈವರನ ಹೆಂಡತಿ ಹತ್ತಿರ ಬಂದು ಅದನ್ನು ಅವಳ ಕೈಯಿಂದ ಬಿಡಿಸಿಕೊಂಡಳು. ಆಂಬುಲೆನ್ಸಿನಲ್ಲಿ ಇಬ್ಬರೂ ಎದುರು ಬದುರಾಗಿ ಕೂತರು. ಅವನು ನಡುವೆ ಮಲಗಿದ್ದ.

ರಕ್ತನಾಳವೊಂದು ಮುಕ್ಕಾಲು ಮುಚ್ಚಿತ್ತಂತೆ. ಮಣಿಕಟ್ಟಿನ ಬಳಿಯಿಂದ ಸಣ್ಣ ನಳಿಕೆ ಹಾಕಿ, ಬಲೆಯಂಥದ್ದೊಂದನ್ನು ಇಟ್ಟು ಬಿಡಿಸಿದರು. ಇನ್ನೊಂದು ವಾರ ತಡವಾಗಿದ್ದರೆ ಎಂದು ಡಾಕ್ಟರು ಶುರುಮಾಡಿದ ಮಾತನ್ನು ಹೆಂಡತಿಯೇ ತಡೆದಳು: "ಅದನ್ನ ಹೇಳ್ಬೇಡಿ ಡಾಕ್ಟ್ರೆ, ಮುಂದೇನು ಮಾಡ್ಬೇಕು ಅಷ್ಟು ಹೇಳಿ."

ಮೂರನೆಯ ದಿನ, ಅವನು ದಿಂಬಿಗೊರಗಿ ಕೂರುವಂತಾದ ಮೇಲೆ, ಅವಳು ಮೊದಲ ಸಲ ಸರಿಯಾಗಿ ಮಾತಾಡಿದಳು. "ಎರಡು ತಿಂಗಳು ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದ್ರಿ. ಊರವರನ್ನೆಲ್ಲ ಹಿಡಿದು ಹಿಡಿದು ಕೇಳಿದ್ರಿ. ನಿಮ್ಮದನ್ನ ಮಾತ್ರ ನುಂಗ್ಕೊಂಡ್ರಿ."

"ಪಟ್ಟಿ ಕಟ್ಕೊಂಡಿದ್ರೆ ಅಂಕಿ ಬರ್ತಿತ್ತು," ಎಂದ ಅವನು. "ಬರದೆ ಇದ್ರೆ ಏನೂ ಇಲ್ಲ ಅಂತ ಇರಬಹುದಿತ್ತು."

"ನೀವು ಹಾಗಿರಬಹುದು. ನಾನು?" ಎಂದಳು. "ಟೀಚರಮ್ಮನಿಗೆ ಎಂಬತ್ನಾಲ್ಕು. ನನಗೆ ಐವತ್ಮೂರು. ನೀವು ಹೋದ್ರೆ ಆ ಮೂವತ್ತು ವರ್ಷ ಇಟ್ಕೊಂಡು ನಾನೇನು ಮಾಡ್ಲಿ? ಅದನ್ನಾದ್ರೂ ಯೋಚನೆ ಮಾಡಿದ್ರಾ?"

ಅವನು ಹೆಂಡತಿಯ ಕೈ ಹಿಡಿಯಲು ಹೋದ. ಅವಳು ಬಿಡಿಸಿಕೊಂಡು ನೀರಿನ ಲೋಟ ತೊಳೆಯಲು ಎದ್ದುಹೋದಳು. ವಾಪಸು ಬಂದಾಗ ಕಣ್ಣು ಕೆಂಪಾಗಿತ್ತು, ಕೈಯನ್ನು ತಾನಾಗಿಯೇ ಹಾಸಿಗೆಯ ಮೇಲಿಟ್ಟಳು.

ಅಂಗಡಿಯ ಎಡಬಾಗಿಲು ಐದು ವಾರ ಮುಚ್ಚಿತ್ತು. ತೆರೆದ ಮೇಲೆ ಕೆಲವರು ವಾಪಸು ಬಂದರು, ಕೆಲವರು ಬರಲಿಲ್ಲ. ಮಿಷನ್ ಈಗ ಬೆಂಚಿನ ಮೇಲಿದೆ. ಬೇಕಾದವರು ತಾವೇ ಕಟ್ಟಿಕೊಳ್ಳುತ್ತಾರೆ, ಅವನು ಯಾರ ಕೈಯನ್ನೂ ಎಳೆಯುವುದಿಲ್ಲ. ಯಾರಾದರೂ ಕುರ್ಚಿಯಲ್ಲಿ ಕೂತು ಅಲ್ಲಿ ನೋವು ಇಲ್ಲಿ ನೋವು ಎಂದರೆ ಮಾತ್ರ ನೀವುವುದಿಲ್ಲ, ನಗುವುದೂ ಇಲ್ಲ. "ಮನೇಲಿ ಹೇಳಿದ್ಯಾ?" ಎಂದು ಕೇಳುತ್ತಾನೆ. ಇಲ್ಲ ಎಂದರೆ, "ಮೊದಲು ಅಲ್ಲಿ ಹೇಳು, ಆಮೇಲೆ ಕ್ಲಿನಿಕ್ಕಿಗೆ ನಡಿ," ಎನ್ನುತ್ತಾನೆ.

ಡ್ರೈವರನ ಹೆಂಡತಿ ಆಸ್ಪತ್ರೆಗೆ ಮತ್ತೆ ಬರಲಿಲ್ಲ. ಅಂಗಡಿಗೆ ಬರುತ್ತಾಳೆ, ತಿಂಗಳಿಗೊಮ್ಮೆ, ತಲೆ ತೊಳೆಸಿಕೊಳ್ಳಲು. ಅಕ್ಕನ ಜೊತೆ ಗಂಟೆಗಟ್ಟಲೆ ಮಾತಾಡುತ್ತಾಳೆ. ಕತ್ತರಿಯಣ್ಣನ ಜೊತೆ ಮಾತಿಲ್ಲ. ಕ್ಷಮಿಸಿದಳೋ ಇಲ್ಲವೋ ಅವನಿಗೆ ತಿಳಿಯದು, ಕೇಳುವ ಧೈರ್ಯವೂ ಇಲ್ಲ. ಹೊರಡುವ ಮುಂಚೆ ಮಾತ್ರ ಹಲಗೆಯ ಆಚೆಯಿಂದ, "ಮಾತ್ರೆ ತಗೊಂಡ್ರಾ?" ಎಂದು ಒಂದೇ ಮಾತು ಕೇಳುತ್ತಾಳೆ. ತೆಗೆದುಕೊಂಡೆ ಎಂದು ಅವನು ಹೇಳುವವರೆಗೆ ಅವಳ ಚಪ್ಪಲಿಯ ಸದ್ದು ಕದಲುವುದಿಲ್ಲ.

ಗಂಡ ಹೆಂಡತಿ ಈಗ ಬೆಳಿಗ್ಗೆ ಅಂಗಡಿಗೆ ನಡೆದೇ ಬರುತ್ತಾರೆ, ಡಾಕ್ಟರು ಹೇಳಿದಂತೆ. ಅವನ ಕಾಲು ಬೇಗ ಬೇಗ ಹೋಗುತ್ತದೆ, ಅವಳು ತೋಳು ಹಿಡಿದು ನಿಧಾನ ಮಾಡಿಸುತ್ತಾಳೆ. ಶಟರ್ ಎತ್ತುವ ಮುಂಚೆ ಮೈಯ ವಿಷಯ ಒಂದಾದರೂ ನಿಜ ಹೇಳಬೇಕೆಂದು ಅವಳು ಕಟ್ಟುಮಾಡಿದ್ದಾಳೆ.

"ಹೂಂ, ಹೇಳಿ," ಎಂದಳು ಮೊನ್ನೆ ಸೋಮವಾರ, ಬೀಗಕ್ಕೆ ಕೀಲಿ ಹಾಕಿ.

"ಬಲಗಾಲಿನ ಹೆಬ್ಬೆರಳು. ಉಗುರು ಒಳಗೆ ಬೆಳೀತಿದೆ."

"ಆಮೇಲೆ?"

"ರಾತ್ರಿ ಚಪಾತಿ ಒಂದು ಹೆಚ್ಚಾಯ್ತು."

"ಅದು ನಾನೇ ನೋಡಿದ್ದೀನಿ. ಆಮೇಲೆ?"

ಅವನು ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. ಬೇರೆ ಯಾರೂ ಹತ್ತಿರವಿರಲಿಲ್ಲ. "ಬೆಳಿಗ್ಗೆ ಎದ್ದ ಕೂಡ್ಲೇ ಹೆದರಿಕೆ ಆಗುತ್ತೆ ಕಣೇ," ಎಂದ. "ದಿನಾ. ಯಾಕೆ ಅಂತ ಇಲ್ಲ. ಸುಮ್ನೆ ಎದೆ ಹೊಡ್ಕೊಳ್ಳುತ್ತೆ."

ಅವಳು ಬೀಗಕ್ಕೆ ಹಾಕಿದ್ದ ಕೀಲಿಯನ್ನು ತೆಗೆದು ಸೆರಗಿಗೆ ಒರೆಸಿಕೊಂಡಳು. "ನನಗೂ ಆಗುತ್ತೆ," ಎಂದಳು. "ನೀವು ಏಳೋಕೆ ಮುಂಚೆ ಮೂಗಿನ ಹತ್ರ ಬೆರಳಿಟ್ಟು ನೋಡ್ತೀನಿ."

ಇಬ್ಬರೂ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತರು. ಅಷ್ಟರಲ್ಲಿ ಮೊದಲ ಗಿರಾಕಿ, ಯಾರೋ ಹೊಸಬ, ಬೀದಿ ದಾಟಿಕೊಂಡು ಬಂದು, "ಅಂಗಡಿ ತೆಗೆಯೋದು ಎಷ್ಟೊತ್ತಿಗೆ?" ಎಂದು ಕೇಳಿದ.

"ಐದು ನಿಮಿಷ ನಿಲ್ಲಪ್ಪ," ಎಂದಳು ಅಕ್ಕ. "ನಮ್ಮ ಮಾತು ಇನ್ನೂ ಮುಗಿದಿಲ್ಲ."